ಪ್ರಿಸ್ಮಾ, ಗ್ರಿಪ್-2: ನಿಮ್ಮ ವಿಮರ್ಶಾ ವರದಿಗೆ ಯಾವುದು?

ರೋಗಿಗಳನ್ನೂ ತಂಡಕ್ಕೆ ಸೇರಿಸಿಕೊಂಡು ಕ್ರಮಬದ್ಧ ವಿಮರ್ಶೆ (ಒಂದು ಪ್ರಶ್ನೆಯ ಬಗ್ಗೆ ಆಗಿರುವ ಅಧ್ಯಯನಗಳನ್ನು ಹುಡುಕಿ, ಒಟ್ಟಿಗೆ ತೂಗಿನೋಡುವ ಕೆಲಸ) ನಡೆಸಿದ್ದೀರಿ. ವರದಿಗೆ ಪ್ರಿಸ್ಮಾ 2020 ಸಾಕೇ, ಗ್ರಿಪ್-2 ಕೂಡ ಬೇಕೇ ಎಂದು ಕೇಳಿದ್ದೀರಿ. ಎರಡೂ ವರದಿಯಲ್ಲಿ ಏನೇನು ಬರೆಯಬೇಕೆಂದು ಹೇಳುವ ಪಟ್ಟಿಗಳೇ, ಆದರೆ ಎರಡರ ಕೆಲಸವೇ ಬೇರೆ. ಪ್ರಿಸ್ಮಾದ 27 ಅಂಶಗಳು ಅಧ್ಯಯನಗಳನ್ನು ಎಲ್ಲಿ ಹುಡುಕಿದಿರಿ, ಯಾವುದನ್ನು ಏಕೆ ಕೈಬಿಟ್ಟಿರಿ ಎಂಬಂಥ ಲೆಕ್ಕ ಕೇಳುತ್ತವೆ. ರೋಗಿಗಳ ಪಾತ್ರಕ್ಕೆ ಅಲ್ಲಿ ಪ್ರತ್ಯೇಕ ಅಂಶವಿಲ್ಲ. ಆ ಕೊರತೆ ತುಂಬುವುದು 2017ರ ಗ್ರಿಪ್-2.

ಇನ್ನು ಶ್ರಮದ ಮಾತು. ಗ್ರಿಪ್-2ರ ಕಿರುರೂಪದಲ್ಲಿರುವುದು ಐದೇ ಅಂಶ: ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ, ಆತ್ಮವಿಮರ್ಶೆ. ಕೊನೆಯದೇ ಕಠಿಣ, ಕೈಗೂಡದೇ ಹೋದದ್ದನ್ನೂ ಅಲ್ಲಿ ಬರೆಯಬೇಕು. "ರೋಗಿಗಳೊಂದಿಗೆ ಚರ್ಚಿಸಲಾಯಿತು" ಎಂಬ ಒಂದು ಸಾಲು ನನ್ನ ಮಟ್ಟಿಗೆ ಬರೀ ಹಾರಿಕೆ. "ನೋವಿನ ಅಂಕಕ್ಕಿಂತ ನಿದ್ದೆ ಮುಖ್ಯವೆಂದು ಅವರು ಹೇಳಿದ್ದರಿಂದ ನಾವು ಮುಖ್ಯವಾಗಿ ಅಳೆಯಬೇಕೆಂದಿದ್ದ ಅಂಶವನ್ನೇ ಬದಲಿಸಿದೆವು" ಎಂದು ಬರೆದರೆ ಓದುಗರಿಗೆ ಏನಾದರೂ ತಿಳಿಯುತ್ತದೆ. ವಿಸ್ತೃತ ರೂಪದಲ್ಲಿ 34 ಅಂಶಗಳಿವೆ. ಸಾರ್ವಜನಿಕರ ಪಾಲ್ಗೊಳ್ಳುವಿಕೆಯೇ ಅಧ್ಯಯನದ ವಸ್ತುವಾಗಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಚಿಕಿತ್ಸೆಯೊಂದರ ಸಾಮಾನ್ಯ ವಿಮರ್ಶೆಗೆ ಪ್ರಿಸ್ಮಾದ ಜೊತೆ ಕಿರುರೂಪ ಸಾಕು. ರೋಗಿಗಳು ತಂಡದಲ್ಲಿ ಇರಲೇ ಇಲ್ಲವೆಂದರೆ ಪ್ರಿಸ್ಮಾ ಒಂದೇ ಆದೀತು. ಇರಲಿಲ್ಲ ಎಂಬುದನ್ನು ಮುಚ್ಚಿಡದೆ ಬರೆಯಿರಿ.