ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮರದ ಅಚ್ಚು

ಜನವರಿ ಬರುತ್ತಿದ್ದಂತೆ ಎಳ್ಳು ಬೀರುವ ಸಿದ್ಧತೆಗೆ ತೊಡಗುವವರು ಸಕ್ಕರೆ ಅಚ್ಚನ್ನು ಮನೆಯಲ್ಲೇ ಮಾಡುವುದಾದರೆ ಮರದ ಅಚ್ಚನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ನಾನು ಕೊಂಡ ಅಚ್ಚುಗಳಲ್ಲಿ ಆನೆ, ನವಿಲು, ಮೀನು, ತುಳಸಿ ಬೃಂದಾವನಗಳ ಕೆತ್ತನೆಯಿದ್ದು, ಪ್ರತಿಯೊಂದರ ಎರಡು ಹೋಳುಗಳೂ ಸಂದಿಲ್ಲದಂತೆ ಕೂಡುತ್ತವೆ. ಅಚ್ಚಿನ ಗುಣವನ್ನು ಅಳೆಯಬೇಕಾದದ್ದು ಇಲ್ಲಿಯೇ. ಸಂದಿದ್ದರೆ ಪಾಕ ಸೋರಿ ಅಂಚುಗಳು ಒರಟಾಗುವುದರಿಂದ, ಕೊಳ್ಳುವಾಗಲೇ ಹೋಳುಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಬೇಕು.

ಬಳಸುವ ಮೊದಲು ಅಚ್ಚನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಒರೆಸಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಒಣಮರಕ್ಕೆ ಸಕ್ಕರೆ ಅಂಟಿಕೊಂಡರೆ ನವಿಲಿನ ಕೊರಳು ಮುರಿಯುತ್ತದೆ. ಹಾಲು ಹಾಕಿ ಕುದಿಸಿ, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿದ ಪಾಕವನ್ನು ಸ್ವಲ್ಪಸ್ವಲ್ಪವೇ ಕಾಯಿಸಿ, ಪಾತ್ರೆಯ ಅಂಚಿನಲ್ಲಿ ಬೆಳ್ಳಗಾಗುವವರೆಗೆ ತಿರುವಿ ಕೂಡಲೇ ಹೊಯ್ದಾಗ, ಆನೆಯ ಸೊಂಡಿಲಿನ ಗೆರೆಗಳೂ ಸ್ಪಷ್ಟವಾಗಿ ಮೂಡಿದವು. ಎಂಥ ಸಂತೋಷ ಅದು! ಸಿಲಿಕೋನ್ ಅಚ್ಚಿನಿಂದ ಬಿಡಿಸುವುದು ಸುಲಭವಾದರೂ, ಈ ಸೂಕ್ಷ್ಮತೆ ಅದರಲ್ಲಿ ನನಗೆ ಕಾಣಲಿಲ್ಲ.

ಬೃಂದಾವನದ ಅಚ್ಚು ಆಳವಾಗಿರುವುದರಿಂದ ಗಟ್ಟಿಯಾಗಲು ತಡವಾಗುತ್ತದೆ. ಹೊಸಬರು ಮೀನಿನಿಂದ ಆರಂಭಿಸುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ತೊಳೆದು ನೆರಳಿನಲ್ಲೇ ಒಣಗಿಸಬೇಕು, ಏಕೆಂದರೆ ಬಿಸಿಲಿಗೆ ಮರ ಬಾಗಿದರೆ ಹೋಳುಗಳು ಮತ್ತೆ ಸರಿಯಾಗಿ ಕೂಡುವುದಿಲ್ಲ.