ಸ್ಟೀರಿಂಗ್ ಮೇಲಿನ ಆ ಸಣ್ಣ ಬಟನ್: ಎಂಟು ತಿಂಗಳು ಸ್ಪೀಡ್ ಲಿಮಿಟರ್ ಬಳಸಿದ ಮೇಲೆ

ಕಾರು ತೆಗೆದುಕೊಂಡು ಎರಡು ವರ್ಷವಾಗಿತ್ತು. ಆದರೂ ಸ್ಟೀರಿಂಗಿನ ಎಡಗಡೆ ಇರುವ ಆ ಬಟನ್ ಯಾತಕ್ಕೆ ಅಂತ ನನಗೆ ಗೊತ್ತಿರಲಿಲ್ಲ. ಮೀಟರಿನಂಥ ಒಂದು ಚಿತ್ರ, ಪಕ್ಕದಲ್ಲಿ ಒಂದು ಬಾಣ. ಕಾರು ಕೊಟ್ಟ ದಿನ ಶೋರೂಮಿನ ಹುಡುಗ ಹಾಡು ಹೇಗೆ ಹಾಕಬೇಕು, ಫೋನ್ ಹೇಗೆ ಜೋಡಿಸಬೇಕು ಅಂತ ಅರ್ಧ ಗಂಟೆ ವಿವರಿಸಿದ್ದ. ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅದು ಸ್ಪೀಡ್ ಲಿಮಿಟರ್. ಎಂಟು ತಿಂಗಳಿಂದ ದಿನಾ ಬಳಸುತ್ತಿದ್ದೇನೆ. ಕಾರಿನ ಕಂಪನಿ ಯಾವುದು ಅಂತ ಬರೆಯುವುದಿಲ್ಲ, ಈಗ ಎಷ್ಟೋ ಕಾರುಗಳಲ್ಲಿ ಇದು ಇದೆ. ನಿಮ್ಮ ಕಾರಿನಲ್ಲೂ ಇರಬಹುದು, ನೀವೂ ನನ್ನ ಹಾಗೆ ಒಮ್ಮೆಯೂ ಒತ್ತಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಅಮ್ಮನಿಂದ. ಅಮ್ಮ ಯಾವತ್ತೂ "ನಿಧಾನ" ಅಂತ ಹೇಳಿದವರಲ್ಲ. ಒಂದು ದಿನ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣಿಸಿತು. ಅಮ್ಮ ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ರಸ್ತೆ ನೇರವಾಗಿತ್ತು, ತಿರುವೇ ಇರಲಿಲ್ಲ. ನಾನು 112ರಲ್ಲಿದ್ದೆ. ನಮಗೆ ಎಲ್ಲೂ ಹೊತ್ತಾಗಿರಲಿಲ್ಲ. ಸುಮ್ನೆ ಹೋಗುತ್ತಿದ್ದೆ, ಅಷ್ಟೇ. ಆ ರಾತ್ರಿ ಕಾರಿನ ಮ್ಯಾನ್ಯುಯಲ್ ತೆಗೆದು ಓದಿದೆ.

ಇದು ಕೆಲಸ ಮಾಡುವ ರೀತಿ ಬಹಳ ಸರಳ. ಬಟನ್ ಒತ್ತಿ, ಬೇಕಾದ ವೇಗ ಇಡಬೇಕು. 80 ಅಂತ ಇಟ್ಟರೆ, ಅಲ್ಲಿಯವರೆಗೆ ಕಾರು ಎಂದಿನ ಹಾಗೇ ಓಡುತ್ತದೆ. 80 ಮುಟ್ಟಿದ ಮೇಲೆ ಆಕ್ಸಿಲರೇಟರ್ ಇನ್ನಷ್ಟು ತುಳಿದರೂ ಎಂಜಿನ್ ಜಾಸ್ತಿ ಎಳೆಯುವುದಿಲ್ಲ. ಬ್ರೇಕ್ ಹಾಕಿದ ಹಾಗೆ ಅನಿಸುವುದಿಲ್ಲ, ಜಗ್ಗುವುದೂ ಇಲ್ಲ. ಪೆಡಲ್ ಕೆಳಗೆ ಹೋಗುತ್ತದೆ, ಕಾರು ಮಾತ್ರ ಹಾಗೇ ಇರುತ್ತದೆ. ತುರ್ತು ಬಂದರೆ ಪೆಡಲನ್ನು ತಳಕ್ಕೆ ಒತ್ತಬೇಕು. ಅಲ್ಲಿ ಒಂದು ಗಟ್ಟಿ ತಡೆ ಸಿಗುತ್ತದೆ, ಅದನ್ನು ದಾಟಿದರೆ ಲಿಮಿಟರ್ ಪಕ್ಕಕ್ಕೆ ಸರಿದು ಕಾರು ಪೂರ್ತಿ ಎಳೆಯುತ್ತದೆ. ವೇಗ ಮತ್ತೆ 80ಕ್ಕಿಂತ ಕೆಳಗೆ ಬಂದಾಗ ತಾನಾಗಿಯೇ ಕೆಲಸ ಶುರು ಮಾಡುತ್ತದೆ. ಇದು ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದ ವಿಷಯ. ಓವರ್‌ಟೇಕ್ ಮಾಡುವಾಗ ಕಾರು ಕೈಕೊಟ್ಟರೆ ಏನು ಗತಿ ಅಂತ ನನಗೂ ಭಯವಿತ್ತು. ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಮಾಡಿ ನೋಡಿದ ಮೇಲೇ ಭಯ ಹೋಯಿತು.

ಇದನ್ನು ಕ್ರೂಸ್ ಕಂಟ್ರೋಲ್ ಜೊತೆ ಬೆರೆಸಬೇಡಿ. ಕ್ರೂಸ್‌ನಲ್ಲಿ ಕಾರು ತಾನೇ ಓಡುತ್ತದೆ, ಕಾಲಿಗೆ ಕೆಲಸವಿಲ್ಲ. ಲಿಮಿಟರಿನಲ್ಲಿ ಕಾಲು ಪೆಡಲ್ ಮೇಲೇ ಇರುತ್ತದೆ. ಗಾಡಿಗಳು ತುಂಬಿದ ರಸ್ತೆಗೆ ನನ್ನ ಮಟ್ಟಿಗೆ ಇದೇ ಒಳ್ಳೆಯದು. ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್ ಎಂಬ ಅಮೆರಿಕದ ಎಂಜಿನಿಯರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಅವರ ವಕೀಲರು ಕಾರು ಓಡಿಸುವಾಗ ಮಾತಾಡುತ್ತಾ ನಿಧಾನ ಮಾಡುವುದು, ಕೇಳುವಾಗ ಜೋರು ಮಾಡುವುದು ಮಾಡುತ್ತಿದ್ದರಂತೆ. ಪಕ್ಕದಲ್ಲಿ ಕೂತ ಟೀಟರಿಗೆ ಆ ಎಳೆದಾಟ ಸಾಕಾಗಿ ಹೋಗಿತ್ತು. ಅವರು ಮೊದಲು ಮಾಡಿದ ಸಾಧನ, ಇಟ್ಟ ವೇಗ ಬಂದಾಗ ಪೆಡಲನ್ನು ಕಾಲಿಗೆ ವಾಪಸ್ ತಳ್ಳುವಂಥದ್ದು. ವೇಗವನ್ನು ಹಿಡಿದಿಟ್ಟು ಕಾರನ್ನು ತಾನೇ ಓಡಿಸುವ ಅನುಕೂಲ ಆಮೇಲೆ ಸೇರಿತು. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು. ಪಕ್ಕದ ಸೀಟಿನಲ್ಲಿ ಕೂತವರ ಕಷ್ಟದಿಂದ ಹುಟ್ಟಿದ್ದು ಇದು ಅಂತ ಓದಿದಾಗ ನನಗೆ ಅಮ್ಮನ ಕೈಯೇ ನೆನಪಾಯಿತು.

ಮೊದಲ ವಾರ ತುಂಬಾ ಕಷ್ಟವಾಯಿತು, ಮುಚ್ಚಿಡುವುದಿಲ್ಲ. ಆಫೀಸಿಗೆ ನನ್ನ ದಾರಿ 38 ಕಿ.ಮೀ. ಅದರಲ್ಲಿ 26 ಕಿ.ಮೀ. ಹೆದ್ದಾರಿ. ಹದಿನೇಳು ವರ್ಷದಿಂದ ಓಡಿಸುತ್ತಿದ್ದೇನೆ. ಚೆನ್ನಾಗಿ ಓಡಿಸುತ್ತೇನೆ ಅಂದರೆ ಬೇಗ ತಲುಪಿಸುತ್ತೇನೆ ಅಂತಲೇ ಇಷ್ಟು ವರ್ಷ ನಂಬಿದ್ದೆ. 80ಕ್ಕೆ ಇಟ್ಟು ನಿಧಾನದ ಲೇನಿನಲ್ಲಿ ಹೋಗುವಾಗ ಎಲ್ಲರೂ ದಾಟಿ ಹೋಗುತ್ತಿದ್ದರು. ಒಬ್ಬೊಬ್ಬರು ದಾಟಿದಾಗಲೂ ಕಾಲು ತಾನಾಗಿ ಕೆಳಗೆ ಒತ್ತುತ್ತಿತ್ತು. ಕಾರು ಏನೂ ಮಾಡುತ್ತಿರಲಿಲ್ಲ. ಒಂದು ದಿನ ಲೆಕ್ಕ ಇಟ್ಟೆ. 26 ಕಿ.ಮೀ.ನಲ್ಲಿ ಹತ್ತೊಂಬತ್ತು ಸಲ ನನ್ನ ಕಾಲು ಸುಮ್ಮಸುಮ್ಮನೆ ಒತ್ತಿತ್ತು. ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯಲು ಅಲ್ಲ, ಓವರ್‌ಟೇಕ್ ಮಾಡಲೂ ಅಲ್ಲ. ಯಾರೋ ಮುಂದೆ ಹೋದರು ಅಂತ. ಈ ಬಟನ್ ಇಲ್ಲದಿದ್ದರೆ ಆ ಹತ್ತೊಂಬತ್ತು ಸಲವೂ ಕಾರು ಮುಂದೆ ಹಾರುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಈ ಸಾಧನದಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ. ನನ್ನ ವೇಗವನ್ನು ನಾನು ನಿರ್ಧರಿಸುತ್ತಿರಲಿಲ್ಲ, ಪಕ್ಕದ ಲೇನ್ ನಿರ್ಧರಿಸುತ್ತಿತ್ತು ಅಂತ ಕಣ್ಣಿಗೆ ಕಂಡಿತು.

ಸಮಯದ ಮಾತಿಗೆ ಬರೋಣ. ಎಲ್ಲರೂ ಮೊದಲು ಕೇಳುವುದು ಅದನ್ನೇ. ನಾಲ್ಕು ವಾರ ಲಿಮಿಟರ್ ಇಲ್ಲದೆ, ನಾಲ್ಕು ವಾರ ಲಿಮಿಟರ್ ಹಾಕಿ, ಮನೆ ಬಿಟ್ಟ ಹೊತ್ತು ಮತ್ತು ತಲುಪಿದ ಹೊತ್ತು ಡೈರಿಯಲ್ಲಿ ಬರೆದೆ. ಇಲ್ಲದೆ ಸರಾಸರಿ 49 ನಿಮಿಷ. ಹಾಕಿ 51 ನಿಮಿಷ. ಎರಡೇ ನಿಮಿಷ! ಹೆದ್ದಾರಿಯಲ್ಲಿ ಉಳಿಸಿದ್ದನ್ನು ಮೊದಲ ಸಿಗ್ನಲ್ ವಾಪಸ್ ತೆಗೆದುಕೊಳ್ಳುತ್ತಿತ್ತು. ನನ್ನನ್ನು ರಭಸದಿಂದ ದಾಟಿ ಹೋದ ಬಿಳಿ ಕಾರು ಅದೇ ಸಿಗ್ನಲಿನಲ್ಲಿ ನನ್ನ ಮುಂದೆ ನಿಂತಿರುವುದನ್ನು ಎಷ್ಟು ಸಲ ನೋಡಿದ್ದೇನೋ.

ಸಿಗ್ನಲ್ಲೇ ಇಲ್ಲದ ದಾರಿಯಲ್ಲೂ ನಮ್ಮ ಅಂದಾಜು ತಪ್ಪುತ್ತದೆ. 10 ಕಿ.ಮೀ. ದಾರಿಗೆ 40ರಿಂದ 50ಕ್ಕೆ ಏರಿದರೆ 3 ನಿಮಿಷ ಉಳಿಯುತ್ತದೆ. 100ರಿಂದ 110ಕ್ಕೆ ಏರಿದರೆ 33 ಸೆಕೆಂಡ್ ಕೂಡ ಉಳಿಯುವುದಿಲ್ಲ. ಏರಿಸಿದ್ದು ಎರಡು ಕಡೆಯೂ ಹತ್ತೇ. ಈಗಾಗಲೇ ಜೋರಾಗಿ ಹೋಗುತ್ತಿರುವಾಗ ಇನ್ನಷ್ಟು ಜೋರು ಮಾಡಿದರೆ ತುಂಬಾ ಸಮಯ ಉಳಿಯುತ್ತದೆ ಅಂತ ಮನಸ್ಸು ತಪ್ಪಾಗಿ ಲೆಕ್ಕ ಹಾಕುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಓಲಾ ಸ್ವೆನ್ಸನ್ ಈ ತಪ್ಪು ಅಂದಾಜಿನ ಬಗ್ಗೆ 1970ರಿಂದಲೇ ಅಧ್ಯಯನ ಮಾಡಿದ್ದಾರೆ. ನನಗೆ ಮಾತ್ರ ಇದು ಡೈರಿ ಬರೆದ ಮೇಲೇ ಅರ್ಥವಾಯಿತು.

ಮ್ಯಾಪ್ ಕೂಡ ನನ್ನನ್ನು ಓಡಿಸುತ್ತಿತ್ತು. 9:12ಕ್ಕೆ ತಲುಪುತ್ತೀರಿ ಅಂತ ಅದು ತೋರಿಸಿದರೆ, ಅದನ್ನು 9:08 ಮಾಡಬೇಕು ಅನ್ನುವುದು ನನಗೆ ಒಂದು ಆಟವಾಗಿತ್ತು. ನಮ್ಮ ಸುತ್ತ ಎಲ್ಲವೂ ಹೀಗೇ ಅಲ್ವಾ? ಪಾರ್ಸೆಲ್ ಎಷ್ಟು ನಿಮಿಷದಲ್ಲಿ ಬರುತ್ತದೆ ಅಂತ ಫೋನ್ ಎಣಿಸುತ್ತದೆ. ವೀಡಿಯೊವನ್ನು ಒಂದೂವರೆ ಪಟ್ಟು ಜೋರಾಗಿ ಓಡಿಸಿ ನೋಡುತ್ತೇವೆ. ನೆಂಟರ ಮನೆಗೆ ಹೋದರೆ ಮೊದಲ ಪ್ರಶ್ನೆ "ಎಷ್ಟು ಹೊತ್ತಿನಲ್ಲಿ ಬಂದೆ?". ಕಡಿಮೆ ಹೇಳಿದವರಿಗೆ ಭೇಷ್ ಸಿಗುತ್ತದೆ. ಕಾರಿನ ಜಾಹೀರಾತಿನಲ್ಲಿ ರಸ್ತೆ ಯಾವಾಗಲೂ ಖಾಲಿ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅನ್ನುವುದು ದಪ್ಪ ಅಕ್ಷರದಲ್ಲಿ ಇರುತ್ತದೆ. ನೂರರಿಂದ ಸೊನ್ನೆಗೆ ಎಷ್ಟು ಮೀಟರ್ ಅಂತ ಯಾವ ಜಾಹೀರಾತಿನಲ್ಲಾದರೂ ದಪ್ಪಗೆ ಬರೆದಿದ್ದನ್ನು ನಾನು ನೋಡಿಲ್ಲ. 1899ರಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಪ್ಯಾರಿಸ್ ಹತ್ತಿರ ಗಂಟೆಗೆ 100 ಕಿ.ಮೀ. ದಾಟಿದಾಗ ಅದು ಜಗತ್ತಿನ ದಾಖಲೆ. ರಸ್ತೆ ಮೇಲೆ ಅಷ್ಟು ವೇಗ ಅದುವರೆಗೆ ಯಾವ ವಾಹನವೂ ಕಂಡಿರಲಿಲ್ಲ. ಇವತ್ತು ಅದೇ 100ರಲ್ಲಿ ಹೋಗುತ್ತಾ ನಾವು ಆಕಳಿಸುತ್ತೇವೆ. ವೇಗ ಹಾಗೇ ಇದೆ, ನಮ್ಮ ಮೈ ಮಾತ್ರ ಅದಕ್ಕೆ ಒಗ್ಗಿಹೋಗಿದೆ.

ಈ ಒಗ್ಗುವಿಕೆ ಲಿಮಿಟರ್ ಇಟ್ಟುಕೊಂಡವರಿಗೆ ಚೆನ್ನಾಗಿ ತಿಳಿಯುತ್ತದೆ. ಹೆದ್ದಾರಿಯಿಂದ ಇಳಿದ ತಕ್ಷಣ 60 ಕೂಡ ನಡೆದಂತೆ ಅನಿಸುತ್ತದೆ. ಮೊದಲು ನಾನು ಹಾಗೇ ಶಾಲೆಯ ರಸ್ತೆಗೆ ನುಗ್ಗುತ್ತಿದ್ದೆ. ಈಗ ಇಳಿಯುವ ಮೊದಲೇ 50ಕ್ಕೆ ಇಡುತ್ತೇನೆ, ಶಾಲೆ ಬಂದಾಗ 30ಕ್ಕೆ. ಆ 30 ಆರಂಭದಲ್ಲಿ ಅಸಹನೀಯವಾಗಿತ್ತು. ಈಗ ಆ ರಸ್ತೆಯಲ್ಲಿ ಯಾವ ಗೇಟಿನಿಂದ ಮಕ್ಕಳು ಹೊರಗೆ ಓಡಿಬರುತ್ತಾರೆ ಅಂತ ಕೂಡ ಗೊತ್ತು.

ಐದನೇ ತಿಂಗಳಲ್ಲಿ ಒಂದು ಘಟನೆ ನಡೆಯಿತು. ಬೆಳಗಿನ ಹೊತ್ತು, ಒಣ ರಸ್ತೆ, ಲಿಮಿಟರ್ 80ರಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ಲಾರಿಯ ಮುಂದಿನಿಂದ ಒಬ್ಬರು ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದರು. ಬ್ರೇಕ್ ಪೂರ್ತಿ ತುಳಿದೆ. ಪೆಡಲ್ ಕಾಲಡಿ ದಡದಡ ಅಂತು. ಕಾರು ನಿಂತಾಗ ಅವರ ಸೈಕಲ್ ಚಕ್ರಕ್ಕೂ ನನ್ನ ಬಂಪರಿಗೂ ನಡುವೆ ಒಂದು ಮಾರು ಜಾಗ ಇತ್ತು. ಅವರು ಕೈ ಎತ್ತಿ ಕ್ಷಮೆ ಕೇಳಿದ ಹಾಗೆ ಮಾಡಿ ದಾಟಿ ಹೋದರು. ನನ್ನ ಕೈ ನಡುಗುತ್ತಿತ್ತು.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾಲು ಬ್ರೇಕಿಗೆ ಹೋಗಲು 1 ಸೆಕೆಂಡ್ ಅಂತ ಇಟ್ಟುಕೊಂಡೆ. 80ರಲ್ಲಿ ಆ ಒಂದು ಸೆಕೆಂಡಿಗೆ ಕಾರು 22 ಮೀಟರ್ ಹೋಗುತ್ತದೆ. ಆಮೇಲೆ ಒಳ್ಳೆಯ ಬ್ರೇಕಿನಲ್ಲಿ ನಿಲ್ಲಲು ಸುಮಾರು 35 ಮೀಟರ್ ಬೇಕು. ಒಟ್ಟು 57. ಇನ್ನು 100ರಲ್ಲಿ ಮೊದಲ ಸೆಕೆಂಡಿಗೇ 28 ಮೀಟರ್ ಮುಗಿದುಹೋಗುತ್ತದೆ. ನಿಲ್ಲಿಸಬೇಕಾದ ಶಕ್ತಿಯೂ ಒಂದೂವರೆ ಪಟ್ಟು ಜಾಸ್ತಿ, ಯಾಕೆಂದರೆ ಅದು ವೇಗದ ವರ್ಗದ ಹಾಗೆ ಏರುತ್ತದೆ. 80ರ ಕಾರು ಪೂರ್ತಿ ನಿಂತ ಜಾಗಕ್ಕೆ ಬಂದಾಗ 100ರ ಕಾರು ಇನ್ನೂ ಸುಮಾರು 68ರ ವೇಗದಲ್ಲಿ ಇರುತ್ತದೆ. 20ರಲ್ಲಿ ಅಲ್ಲ, 68ರಲ್ಲಿ. ನಾನು ಮೂರು ಸಲ ಲೆಕ್ಕ ಮಾಡಿದೆ. ಸರಾಸರಿ ವೇಗ ನೂರಕ್ಕೆ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತನ್ನು ಮೊದಲೂ ಓದಿದ್ದೆ. ಸೈಕಲ್ ಹಿಡಿದ ಆ ಕೈ ನೋಡಿದ ಮೇಲೆ ಅದು ಬೇರೆಯೇ ತೂಕದ ಮಾತಾಯಿತು.

ಈಗ ಕೊರತೆಗಳು. ಇಳಿಜಾರಿನಲ್ಲಿ ನನ್ನ ಕಾರಿನ ಲಿಮಿಟರ್ ಬ್ರೇಕ್ ಹಾಕುವುದಿಲ್ಲ, ಎಂಜಿನ್ ಎಳೆತ ನಿಲ್ಲಿಸುತ್ತದೆ ಅಷ್ಟೇ. 80ಕ್ಕೆ ಇಟ್ಟಿದ್ದರೂ 88ಕ್ಕೆ ಜಾರಿದೆ. ಒಂದು ಸದ್ದು ಮಾಡಿ ಎಚ್ಚರಿಸುತ್ತದೆ, ಬ್ರೇಕ್ ನೀವೇ ಹಾಕಬೇಕು.

ಕಾರು ಆಫ್ ಮಾಡಿದರೆ ಇಟ್ಟ ವೇಗ ಮರೆತುಹೋಗುತ್ತದೆ. ದಿನಾ ಹೊಸದಾಗಿ ಇಡಬೇಕು. ಆತುರದ ದಿನವೇ ಇದು ಹೆಚ್ಚು ಬೇಕು, ಆತುರದ ದಿನವೇ ಇಡಲು ಮರೆಯುತ್ತೇವೆ. ನನಗೆ ಇದೇ ದೊಡ್ಡ ದೂರು.

ರಸ್ತೆಯ ಬೋರ್ಡನ್ನು ಕ್ಯಾಮೆರಾ ಓದಿ "ಈ ವೇಗ ಇಡಲೇ?" ಅಂತ ಕೇಳುವ ವ್ಯವಸ್ಥೆಯೂ ಇದೆ. ಹತ್ತರಲ್ಲಿ ಎಂಟು ಸಲ ಸರಿ ಇರುತ್ತದೆ. ಒಮ್ಮೆ ಪಕ್ಕಕ್ಕೆ ಇಳಿಯುವ ರಸ್ತೆಯ 40ರ ಬೋರ್ಡನ್ನು ಹೆದ್ದಾರಿಯದ್ದು ಅಂದುಕೊಂಡಿತು. ನಾನು ಅಭ್ಯಾಸದಲ್ಲಿ ಸರಿ ಅಂತ ಒತ್ತಿಬಿಟ್ಟೆ. ಕಾರು ನಿಧಾನವಾಗತೊಡಗಿತು, ಹಿಂದಿನ ಲಾರಿಯ ಹಾರ್ನ್ ಎದೆಗೆ ಹೊಡೆದ ಹಾಗಾಯಿತು. ಪೆಡಲ್ ತಳಕ್ಕೆ ಒತ್ತಿ ಹೊರಗೆ ಬಂದೆ. ಅವತ್ತಿನಿಂದ ಬೋರ್ಡನ್ನು ನನ್ನ ಕಣ್ಣಲ್ಲಿ ನೋಡದೆ ಆ ಬಟನ್ ಒತ್ತುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಲ್ಲೂ ವೇಗದ ಮಿತಿಯನ್ನು ನೆನಪಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಓಡಿಸುವವರು ಅದನ್ನು ಆಫ್ ಮಾಡಬಹುದು, ಆದರೆ ಮುಂದಿನ ಸಲ ಕಾರು ಶುರು ಮಾಡಿದಾಗ ಅದು ತಾನೇ ಆನ್ ಆಗುತ್ತದೆ. ನನ್ನ ಲಿಮಿಟರಿಗೂ ಅಂಥದ್ದೇ ಒಂದು ನೆನಪಿನ ಶಕ್ತಿ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನೊಂದು ವಿಷಯ, ಇದು ಕೊರತೆಯಲ್ಲ. ಮೀಟರ್ 80 ತೋರಿಸುವಾಗ ಫೋನಿನ ಜಿಪಿಎಸ್ 77 ತೋರಿಸುತ್ತದೆ. ಕೆಟ್ಟುಹೋಗಿದೆ ಅಂದುಕೊಂಡಿದ್ದೆ. ಹಾಗಲ್ಲ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಸ್ವಲ್ಪ ಜಾಸ್ತಿ ತೋರಿಸಬಹುದು.

ಹಿಂದೆ ಬಂದು ಅಂಟಿಕೊಂಡು ಲೈಟ್ ಹೊಡೆಯುವವರಿಗೆ ಇದರಲ್ಲಿ ಯಾವ ಬಟನ್ನೂ ಇಲ್ಲ. ಮೊದಲು ಅವರ ಒತ್ತಡಕ್ಕೆ ನಾನು ವೇಗ ಏರಿಸುತ್ತಿದ್ದೆ. ಈಗ ಏರಿಸಲು ಆಗುವುದಿಲ್ಲ, ಹಾಗಾಗಿ ಜಾಗ ಸಿಕ್ಕ ಕಡೆ ದಾರಿ ಬಿಡುತ್ತೇನೆ. ಅವರು ಹೋದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಸಂಜೆ ಮನೆಗೆ ಬಂದಾಗ ಮೊದಲಿನಷ್ಟು ಭುಜ ನೋಯುವುದಿಲ್ಲ.

ಕಾರನ್ನು ಬೇರೆಯವರಿಗೆ ಕೊಡುವಾಗ ಹೇಳಿ ಕೊಡಿ. ನನ್ನ ತಮ್ಮ ಒಂದು ದಿನ ತೆಗೆದುಕೊಂಡು ಹೋಗಿದ್ದ. ಅಂಗಳದಲ್ಲಿ ಎಂಜಿನ್ ಆನ್ ಇದ್ದ ಹಾಗೇ ಸೀಟು ಬಿಟ್ಟುಕೊಟ್ಟಿದ್ದೆ, ಲಿಮಿಟರ್ 50ರಲ್ಲೇ ಉಳಿದಿತ್ತು. ದಾರಿಯಿಂದ ಫೋನ್ ಮಾಡಿದ. "ಅಕ್ಕಾ, ಗಾಡಿ ಎಳೀತಾನೇ ಇಲ್ಲ, ಏನೋ ಆಗಿದೆ." ತಪ್ಪು ನನ್ನದು. ಗೊತ್ತಿಲ್ಲದವರ ಕೈಯಲ್ಲಿ ಅದು ಅಪಾಯವೂ ಆಗಬಹುದು.

ಅಮ್ಮನಿಗೆ ಈ ಬಟನ್ ವಿಷಯ ನಾನು ಹೇಳಿರಲಿಲ್ಲ. ಮೂರನೇ ತಿಂಗಳಲ್ಲಿ ಅದೇ ಹೆದ್ದಾರಿಯಲ್ಲಿ ಹೋಗುವಾಗ ಕಿಟಕಿ ಆಚೆ ನೋಡುತ್ತಾ ಕೇಳಿದರು, "ಇದು ಬೇರೆ ದಾರಿ ಏನೇ? ಇಲ್ಲಿ ಕೆರೆ ಇರೋದು ನಾನು ನೋಡೇ ಇರಲಿಲ್ಲ." ಅದೇ ದಾರಿ ಅಮ್ಮ, ಅಂದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಇಟ್ಟ ವೇಗ ಮರೆಯುವುದಕ್ಕೆ ಒಂದು ಕಡಿತ. ಹೊಸ ಕಾರು ನೋಡುತ್ತಿದ್ದರೆ ಟೆಸ್ಟ್ ಡ್ರೈವಿನಲ್ಲಿ ಇದನ್ನು ಹಾಕಿ ಒಂದು ಇಳಿಜಾರಿನಲ್ಲಿ ಇಳಿಸಿ ನೋಡಿ, ಬ್ರೇಕ್ ಹಾಕುತ್ತದೋ ಇಲ್ಲವೋ ತಿಳಿಯುತ್ತದೆ. ಪೆಡಲಿನ ಕೊನೆಯ ತಡೆ ಎಲ್ಲಿ ಸಿಗುತ್ತದೆ ಅಂತ ಕಾಲಿಗೆ ಪರಿಚಯ ಮಾಡಿಕೊಳ್ಳಿ. ಈಗಾಗಲೇ ಕಾರು ಇದ್ದರೆ ಮ್ಯಾನ್ಯುಯಲ್ ತೆಗೆದು ಹುಡುಕಿ. ನನ್ನದರಲ್ಲಿ ಅದು ಆಡಿಯೊ ಬಟನ್ನುಗಳ ಕೆಳಗೇ ಇತ್ತು, ಎರಡು ವರ್ಷ.