ಆರು ತಿಂಗಳ ‘ನರ್ಸಿಂಗ್’ಗೆ ದುಡ್ಡು ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ಪಿಯುಸಿ ರಿಸಲ್ಟ್ ಬಂದ ವಾರ ಹಾಸನದಲ್ಲಿ ಕಂಬಕ್ಕೊಂದು ಫ್ಲೆಕ್ಸ್ ಕಟ್ಟಿರ್ತಾರೆ. ಬಿಳಿ ಕೋಟಿನ ಹುಡುಗಿ, ಕೆಳಗೆ ‘ಆರೇ ತಿಂಗಳಲ್ಲಿ ನರ್ಸಿಂಗ್, ಕೆಲಸ ಗ್ಯಾರಂಟಿ’. 2023ರಲ್ಲಿ ನಾನೂ ಅದನ್ನ ನೋಡೇ ಹೋದವಳು. ನಮ್ಮೂರು ಆಲೂರು ಕಡೆ. ಆ ವರ್ಷ ಶುಂಠಿಗೆ ಒಳ್ಳೆ ರೇಟ್ ಸಿಕ್ಕಿತ್ತು, ಅಪ್ಪ ಅದರಲ್ಲೇ 38 ಸಾವಿರ ಎತ್ತಿಟ್ಟು ಕಟ್ಟಿದ್ರು. ಜೊತೆಗೆ ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಗೊಂಡ್ರು. ‘ವೆರಿಫಿಕೇಷನ್‌ಗೆ, ನಾಳೆ ಕೊಡ್ತೀವಿ’ ಅಂದ್ರು. ಆ ನಾಳೆ ಬರೋಕೆ ಒಂದೂವರೆ ವರ್ಷ ಹಿಡೀತು.

ಸಂಸ್ಥೆ ಅಂದ್ರೆ ಅಂಗಡಿ ಮೇಲಿನ ಎರಡು ರೂಮು. ಒಂದು ಕೈ ಕಳಚಿ ಹೋಗಿದ್ದ ಬೊಂಬೆ, 30 ಹುಡುಗಿಯರಿಗೆ ಒಂದೇ ಬಿಪಿ ಮಷೀನು. ಆಸ್ಪತ್ರೆ ಟ್ರೈನಿಂಗ್ ಅಂತ ಒಂದು ನರ್ಸಿಂಗ್ ಹೋಮ್‌ಗೆ ಹತ್ತು ದಿನ ಕಳಿಸಿದ್ರು, ಅಲ್ಲಿ ಬೆಡ್‌ಶೀಟ್ ಮಡಚಿದ್ದೇ ಹೆಚ್ಚು. ಕೊನೆಗೆ ಚಿನ್ನದ ಬಣ್ಣದ ಅಂಚಿದ್ದ ಸರ್ಟಿಫಿಕೇಟ್ ಕೊಟ್ರು. ಅದನ್ನ ಹಿಡ್ಕೊಂಡು ಸ್ಟಾಫ್ ನರ್ಸ್ ಇಂಟರ್‌ವ್ಯೂಗೆ ಹೋದೆ. ಅಲ್ಲಿನ ಮೇಡಂ ಕೇಳಿದ್ದು ಒಂದೇ ಮಾತು: ‘ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಹೇಳಮ್ಮ.’ ನನಗೆ ಕೌನ್ಸಿಲ್ ಅಂದ್ರೆ ಏನಂತಲೇ ಗೊತ್ತಿರಲಿಲ್ಲ. ಅವರೇ ಕೂರಿಸಿ, ಟೀ ಕೊಟ್ಟು ಹೇಳಿದ್ರು, ಇವತ್ತಿಗೂ ಅವರ ಋಣ ಇದೆ ನನ್ನ ಮೇಲೆ.

ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ ಕೋರ್ಸ್) ಎರಡು ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇವನ್ನ ಮಾನ್ಯತೆ ಇರೋ ಕಾಲೇಜಲ್ಲಿ ಓದಿದವರಿಗೇ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ, ಅಂದ್ರೆ ಆ ಮೇಡಂ ಕೇಳಿದ ಕೌನ್ಸಿಲ್‌ನಲ್ಲಿ, ನೋಂದಣಿ ಆಗೋದು. ಆರು ತಿಂಗಳಿಗೆ ಅದು ಸಿಗೋದಿಲ್ಲ, ಯಾರು ಏನೇ ಹೇಳಲಿ. ಅಲ್ಪಾವಧಿಯದ್ದು ಅಂದ್ರೆ ಜಿಡಿಎ, ಅಂದ್ರೆ ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಸಹಾಯ ಮಾಡೋ ಜನರಲ್ ಡ್ಯೂಟಿ ಅಸಿಸ್ಟೆಂಟ್, ಇಲ್ಲಾಂದ್ರೆ ಮನೆಯಲ್ಲಿ ರೋಗಿ ನೋಡ್ಕೊಳ್ಳೋ ಹೋಮ್ ಹೆಲ್ತ್ ಏಡ್. ಕೌಶಲ ಯೋಜನೆಗಳಲ್ಲಿ ಇವನ್ನ ಉಚಿತವಾಗಿ ಕಲಿಸಿದ್ದೂ ಇದೆ. ನಾನು 38 ಸಾವಿರ ಕೊಟ್ಟು ಅದರ ಅರ್ಧವನ್ನೂ ಕಲೀಲಿಲ್ಲ.

ಮನೆಗೆ ಬರಿಗೈಲಿ ಹೇಗೆ ಹೋಗೋದು? ಅದೇ ಸಂಸ್ಥೆಯವರು ‘ಪ್ಲೇಸ್‌ಮೆಂಟ್’ ಅಂತ ಬೆಂಗಳೂರಿನ ಒಂದು ಮನೆಗೆ ಕಳಿಸಿದ್ರು. ಪಾರ್ಶ್ವವಾಯು ಆಗಿದ್ದ ಅಜ್ಜಿ. 24 ಗಂಟೆ ಡ್ಯೂಟಿ, ಅವರ ಮಂಚದ ಪಕ್ಕ ನೆಲದ ಮೇಲೆ ಚಾಪೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ ಅಂತ ಕಲಿಸಿದ್ದು ಆ ಮನೆಗೆ ಬರ್ತಿದ್ದ ಫಿಸಿಯೋ ಅಕ್ಕ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ತಲೆ ಎತ್ತರದಲ್ಲಿರಬೇಕು ಅಂತಲೂ ಅವರೇ ಹೇಳಿದ್ದು. ಅದು ಗೊತ್ತಿಲ್ಲದೆ ಮೊದಲ ವಾರ ಅಜ್ಜಿಯನ್ನ ಮಲಗಿಸಿಯೇ ಹಾಕ್ತಿದ್ದೆ. ನೆನಸಿಕೊಂಡ್ರೆ ಈಗಲೂ ಕೈ ತಣ್ಣಗಾಗುತ್ತೆ, ಶ್ವಾಸಕೋಶಕ್ಕೆ ಇಳಿದಿದ್ರೆ ಆ ಜೀವ ಹೋಗ್ತಿತ್ತು.

ನನ್ನ ಕೈಗೆ ಬರ್ತಿದ್ದದ್ದು ತಿಂಗಳಿಗೆ 12 ಸಾವಿರ. ಒಂದಿನ ಅಜ್ಜಿ ಸೊಸೆ, ‘ನಿಮಗೆ 26 ಕೊಡ್ತಿದೀವಲ್ಲ, ಒಂದು ಒಳ್ಳೆ ಚಪ್ಪಲಿ ತಗೋಬಾರ್ದಾ’ ಅಂದ್ರು. ಅವತ್ತೇ ಲೆಕ್ಕ ಗೊತ್ತಾಗಿದ್ದು. ಕೆಲಸ ಬಿಡ್ತೀನಿ ಅಂದ್ರೆ ಸಂಸ್ಥೆಯವರು, ಬಾಂಡ್ ಮುರಿದಿದ್ದಕ್ಕೆ 15 ಸಾವಿರ ಕಟ್ಟು, ಆಮೇಲೆ ಮಾರ್ಕ್ಸ್ ಕಾರ್ಡ್ ಅಂದ್ರು.

ಈ ಕೆಲಸ ಕೀಳು ಅಂತ ಹೇಳ್ತಿಲ್ಲ. ಕೆಲಸ ಇದೆ, ಇನ್ನೂ ಹೆಚ್ಚಾಗುತ್ತೆ ಕೂಡ. ಹಾಸನದಲ್ಲೇ ನೋಡಿ, ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ ವಯಸ್ಸಾದವರಷ್ಟೇ ಉಳಿದ ಮನೆಗಳು ಎಷ್ಟಿವೆ. ಈಗ ನಾನಿರೋದೂ ಇದೇ ಕೆಲಸದಲ್ಲಿ, ಆದ್ರೆ ಆಸ್ಪತ್ರೆಯಲ್ಲಿ ಜಿಡಿಎ ಆಗಿ, ಎಂಟು ಗಂಟೆ ಶಿಫ್ಟು, ಪಿಎಫ್ ಇದೆ. ಆಯಾ ಅಂತ ಕರೆದ್ರೂ ಬೇಜಾರಿಲ್ಲ. ನರ್ಸ್ ಮಾಡ್ತೀವಿ ಅಂತ ದುಡ್ಡು ಕಿತ್ತು ಆಯಾ ಕೆಲಸಕ್ಕೆ ತಳ್ಳೋದಕ್ಕೇ ಹೊಟ್ಟೆ ಉರಿಯೋದು.

ಫಾರಿನ್ ಆಸೆಗೂ ಇದೇ ಕಥೆ. ನನ್ನ ಕ್ಲಾಸ್‌ಮೇಟ್ ಒಬ್ಬಳಿಗೆ ಲಂಡನ್ ಕೇರ್ ವರ್ಕರ್ ವೀಸಾ ಅಂತ ಮೂರು ಲಕ್ಷ ಕೇಳಿದ್ರು. ಹೊರದೇಶದಿಂದ ಹೊಸಬರನ್ನ ಆ ವೀಸಾದಲ್ಲಿ ಕರೆಸಿಕೊಳ್ಳೋದನ್ನ ಬ್ರಿಟನ್ 2025ರ ಜುಲೈ 22ಕ್ಕೇ ನಿಲ್ಲಿಸಿದೆ. ಯಾವ ದೇಶಕ್ಕೇ ಆಗಲಿ, ನಮ್ಮ ಸರ್ಕಾರದ ನೋಂದಣಿ ಇರೋ ಏಜೆಂಟ್ ತಗೋಬಹುದಾದ ಸೇವಾ ಶುಲ್ಕ 30 ಸಾವಿರ, ಮೇಲೆ ಜಿಎಸ್‌ಟಿ, ಅಷ್ಟೇ. ನೋಂದಣಿ ಇದೆಯೋ ಇಲ್ವೋ ಕೇಂದ್ರ ಸರ್ಕಾರದ ಇಮೈಗ್ರೇಟ್ (eMigrate) ಪೋರ್ಟಲ್‌ನಲ್ಲಿ ನೋಡಬಹುದು.

ಒರಿಜಿನಲ್ ಕೊಟ್ಟು ಸಿಕ್ಕಿಹಾಕ್ಕೊಂಡಿದ್ರೆ ಹಾಸನ ಕೋರ್ಟ್‌ನಲ್ಲಿರೋ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ರೂ ಅಲ್ಲಿ ವಕೀಲರು ಉಚಿತ. ಅಲ್ಲಿಂದ ಒಂದು ನೋಟಿಸ್ ಹೋದ ಎರಡೇ ವಾರಕ್ಕೆ ನನ್ನ ಮಾರ್ಕ್ಸ್ ಕಾರ್ಡ್ ವಾಪಸ್ ಬಂತು, ಫೈಲಿಗೆ ಹಾಕೋಕೆ ನನ್ನ ಹೆಸರಿನ ಮೇಲೇ ಪಂಚ್ ಹೊಡೆದಿದ್ರು. ಫೀಸ್ ಬಂದಿಲ್ಲ. 38 ಸಾವಿರ ತಗೊಂಡು ರಸೀದಿ ಬರೆದಿದ್ದು 8 ಸಾವಿರಕ್ಕೆ, ಅವತ್ತು ಅಪ್ಪನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ.